ಶ್ರೀಮಟ್ಟೀಕಾಚಾರ್ಯರ ವಿನಯ: ಅದು ಸತ್ಯವೋ, ಉಪಚಾರವೋ?

ಆಷಾಢ ಬಹುಳ ಪಂಚಮಿ ಶ್ರೀಮಜ್ಜಯತೀರ್ಥ ಶ್ರೀಪಾದರ ಆರಾಧನೆಯ ಪುಣ್ಯದಿನ. ಶ್ರೀಮದಾನಂದತೀರ್ಥ ಭಗವತ್ಪಾದಾಚಾರ್ಯರ ಗ್ರಂಥಗಳಿಗೆ ಟೀಕೆಗಳನ್ನು ರಚಿಸಿ, ಸಂಕ್ಷಿಪ್ತವೂ ಗಂಭೀರವೂ ಆದ ಆ ವಾಕ್ಯಗಳ ಒಳಗಿರುವ ಅರ್ಥಸಂಪತ್ತನ್ನು ಲೋಕಕ್ಕೆ ತೆರೆದುಕೊಟ್ಟ ಈ ಮಹನೀಯರನ್ನು ನಾವು ಹೆಸರಿಗಿಂತ ಹೆಚ್ಚಾಗಿ ‘ಟೀಕಾಚಾರ್ಯರು’ ಎಂದೇ ಕರೆಯುತ್ತೇವೆ. ಆರಾಧನೆಯ ದಿನ ಅವರ ಪಾಂಡಿತ್ಯವನ್ನು ಕೊಂಡಾಡುವ ಪ್ರವಚನಗಳು ಎಲ್ಲೆಡೆ ನಡೆಯುತ್ತವೆ. ಅವರ ವಿನಯವನ್ನು ಕೊಂಡಾಡುವವರೂ ಇದ್ದಾರೆ. ಆದರೆ ಆ ವಿನಯವು ಯಾವ ಬಗೆಯದು, ಅದಕ್ಕೂ ಸತ್ಯಕ್ಕೂ ಇರುವ ಸಂಬಂಧವೇನು ಎಂಬುದನ್ನು ವಿಚಾರಿಸುವವರು ವಿರಳ. ನನ್ನ ಜೀವನದಲ್ಲಿ ನಡೆದ ಒಂದು ಪ್ರಮಾದದಿಂದಾಗಿ ಈ ಪ್ರಶ್ನೆಯನ್ನು ನಾನು ವಿಚಾರಿಸಲೇಬೇಕಾಯಿತು. ಆ ವಿಚಾರವನ್ನು ಆಸ್ತಿಕ ಬಾಂಧವರ ಮುಂದಿಡುವುದೇ ಈ ಲೇಖನದ ಉದ್ದೇಶ.

ಟೀಕಾಚಾರ್ಯರ ಚರಿತ್ರೆ ನಮ್ಮಲ್ಲಿ ಎಳೆಯರಿಗೂ ಪರಿಚಿತವಾದದ್ದು. 14ನೆಯ ಶತಮಾನದ ಮಾತು. ಈಗ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಗೆ ಸೇರಿರುವ ಮಂಗಳವೇಢೆಯ ಶ್ರೀಮಂತ ಮನೆತನದಲ್ಲಿ ಧೋಂಡೋಪಂತ ಎಂಬ ಯುವಕನಿದ್ದನೆಂದೂ, ಒಮ್ಮೆ ಕುದುರೆಯೇರಿ ಭೀಮಾನದಿಗೆ ಬಂದು, ಕೆಳಗಿಳಿಯದೆ, ಕೈಯಿಂದ ಮುಟ್ಟದೆ, ಹರಿಯುವ ನೀರಿಗೆ ಬಾಯಿಟ್ಟು ಕುಡಿದನೆಂದೂ ಪರಂಪರೆ ಹೇಳುತ್ತದೆ. ಶ್ರೀಮದಾಚಾರ್ಯರ ಸಾಕ್ಷಾತ್ ಶಿಷ್ಯರಾದ ಅಕ್ಷೋಭ್ಯತೀರ್ಥರು ದಡದಲ್ಲಿದ್ದು ಇದನ್ನು ಕಂಡರು. ಹಿಂದಿನ ಜನ್ಮದಲ್ಲಿ ನೀನು ಪಶುವಾಗಿದ್ದೆಯೇನು ಎಂಬ ಅರ್ಥದ ಮಾತನ್ನು ಅವರು ಆಡಿದಾಗ ಯುವಕನಿಗೆ ಪೂರ್ವಸ್ಮೃತಿ ಉದಿಸಿತಂತೆ. ತಾನು ಶ್ರೀಮದಾಚಾರ್ಯರ ಗ್ರಂಥಗಳ ಹೊರೆಯನ್ನು ಹೊತ್ತು ನಡೆದ ಎತ್ತು ಎಂಬ ನೆನಪು ಅದು. ಮನೆ, ಮಡದಿ, ಸಂಪತ್ತು ಎಲ್ಲವನ್ನೂ ತ್ಯಜಿಸಿ, ತಂದೆಯ ಕೋಪವನ್ನು ಎದುರಿಸಿ, ಆತ ಅಕ್ಷೋಭ್ಯತೀರ್ಥರಿಂದ ಸಂನ್ಯಾಸವನ್ನು ಸ್ವೀಕರಿಸಿ ಜಯತೀರ್ಥರಾದರು. ಈಗಿನ ಯಾದಗಿರಿ ಜಿಲ್ಲೆಯ ಯರಗೋಳದ ಗುಹೆಯಲ್ಲಿ ಕುಳಿತು ಅವರು ಟೀಕೆಗಳನ್ನು ಬರೆದರೆಂಬ ಪ್ರತೀತಿಯಿದೆ.

ಅವರ ಕೃತಿಗಳ ವಿಸ್ತಾರವನ್ನು ನೋಡಿದರೆ ಬೆರಗಾಗುತ್ತದೆ. ಬ್ರಹ್ಮಸೂತ್ರಭಾಷ್ಯಕ್ಕೆ ತತ್ತ್ವಪ್ರಕಾಶಿಕೆ, ಗೀತಾಭಾಷ್ಯಕ್ಕೆ ಪ್ರಮೇಯದೀಪಿಕೆ, ಗೀತಾತಾತ್ಪರ್ಯಕ್ಕೆ ನ್ಯಾಯದೀಪಿಕೆ, ಋಗ್ಭಾಷ್ಯಕ್ಕೂ ದಶಪ್ರಕರಣಗಳಿಗೂ ಟೀಕೆಗಳು, ಸ್ವತಂತ್ರವಾಗಿ ಪ್ರಮಾಣಪದ್ಧತಿ ಮತ್ತು ವಾದಾವಳಿ. ಇವೆಲ್ಲಕ್ಕೂ ಶಿಖರಪ್ರಾಯವಾದದ್ದು ಅನುವ್ಯಾಖ್ಯಾನದ ಟೀಕೆಯಾದ ಶ್ರೀಮನ್ನ್ಯಾಯಸುಧಾ. ತ್ರಿವಿಕ್ರಮಪಂಡಿತರ ಪ್ರಾರ್ಥನೆಯ ಮೇರೆಗೆ ಶ್ರೀಮದಾಚಾರ್ಯರು ಅನುವ್ಯಾಖ್ಯಾನದ ನಾಲ್ಕು ಅಧ್ಯಾಯಗಳನ್ನು ನಾಲ್ವರು ಶಿಷ್ಯರಿಗೆ ಏಕಕಾಲದಲ್ಲಿ ಹೇಳಿ ಬರೆಸಿದರೆಂಬುದು ಸುಮಧ್ವವಿಜಯವನ್ನು ಓದಿದವರಿಗೆ ವಿದಿತವೇ ಇದೆ. ಅಂಥ ಗ್ರಂಥದ ಒಂದೊಂದು ಪದವನ್ನೂ ಹಿಡಿದು, ಅದು ಇಲ್ಲಿಯೇ ಏಕೆ ಬಂತು, ಬೇರೆ ಪದ ಏಕೆ ಸಲ್ಲದು, ಅದರ ಮೇಲೆ ಬರಬಹುದಾದ ಆಕ್ಷೇಪಗಳೆಷ್ಟು, ಅವಕ್ಕೆ ಸಮಾಧಾನವೇನು ಎಂಬುದನ್ನು ಸುಧಾ ತೋರಿಸುತ್ತದೆ. ಮುಂದೆ ಶ್ರೀ ವ್ಯಾಸರಾಜರು ತತ್ತ್ವಪ್ರಕಾಶಿಕೆಯ ಮೇಲೆ ತಾತ್ಪರ್ಯಚಂದ್ರಿಕೆಯನ್ನೂ, ಮಂತ್ರಾಲಯದ ಶ್ರೀ ರಾಘವೇಂದ್ರತೀರ್ಥರು ಸುಧೆಯ ಮೇಲೆ ಪರಿಮಳವನ್ನೂ ರಚಿಸಿದರು. ಇಂದಿಗೂ ಸುಧಾಪಾಠವನ್ನು ಮುಗಿಸುವುದೆಂದರೆ ವಿದ್ಯಾರ್ಥಿಯ ಜೀವನದ ದೊಡ್ಡ ಘಟ್ಟ. ಅದರ ಸಮಾಪ್ತಿಯನ್ನು ‘ಸುಧಾಮಂಗಳ’ವೆಂಬ ಉತ್ಸವವಾಗಿ ಆಚರಿಸುತ್ತೇವೆ.

ನಮ್ಮ ಮನ್ನಳ್ಳಿಯಿಂದ ಟೀಕಾಚಾರ್ಯರ ಸನ್ನಿಧಿಗೆ ಹೋಗುವುದು ಕಷ್ಟವೇನಲ್ಲ. ಬೀದರಿಗೆ ಬಂದು, ಹುಮನಾಬಾದ ಮಾರ್ಗವಾಗಿ ಕಲಬುರಗಿಯನ್ನು ಸೇರಿ, ಅಲ್ಲಿಂದ ಸೇಡಂ ರಸ್ತೆಯನ್ನು ಹಿಡಿದರೆ ಕಾಗಿಣಾ ನದಿಯ ದಡದಲ್ಲಿ ಮಳಖೇಡ ಸಿಗುತ್ತದೆ. ಗುರುಗಳಾದ ಅಕ್ಷೋಭ್ಯತೀರ್ಥರನ್ನೂ ಶಿಷ್ಯರಾದ ಜಯತೀರ್ಥರನ್ನೂ ಭಕ್ತರು ಅಲ್ಲಿ ಒಂದೆಡೆಯಲ್ಲೇ ಸೇವಿಸುತ್ತಾರೆ. ಬಾಲ್ಯದಲ್ಲಿ ತಂದೆಯವರ ಕೈ ಹಿಡಿದು ನಾನು ಮೊದಲ ಸಲ ಅಲ್ಲಿಗೆ ಹೋದಾಗ ನದಿಯ ಬದಿಯ ಹಳೆಯ ಕೋಟೆಯನ್ನು ತೋರಿಸಿ ಅವರು ಹೇಳಿದ ಮಾತು ಇನ್ನೂ ನೆನಪಿದೆ. ಓದಿದರೆ ಸುಧೆಯನ್ನು ಓದಬೇಕು, ಇಲ್ಲವಾದರೆ ವಸುಧೆಯನ್ನು ಆಳಬೇಕು ಎಂಬ ಗಾದೆ ವಿದ್ವಾಂಸರಲ್ಲಿದೆ. ಎರಡನ್ನೂ ಒಂದೇ ಊರಿನಲ್ಲಿ ನೋಡಬೇಕೆಂದರೆ ಇಲ್ಲಿಗೆ ಬರಬೇಕು ಎಂದರು. ಮಳಖೇಡವೇ ಹಿಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗನು 814ರಿಂದ ಆರು ದಶಕಗಳಿಗೂ ಮೀರಿ ಆಳಿದ್ದು ಈ ವಂಶದ ಸಿಂಹಾಸನದಿಂದ. 972ರಲ್ಲಿ ಪರಮಾರ ಸೀಯಕನ ದಾಳಿಗೆ ಆ ನಗರ ತುತ್ತಾಯಿತು. ವಸುಧೆಯನ್ನು ಆಳಿದವರ ಕೋಟೆಯಲ್ಲಿ ಇಂದು ಕಲ್ಲುಗಳು ಉಳಿದಿವೆ. ಪರರ ಗ್ರಂಥಕ್ಕೆ ಟೀಕೆ ಬರೆದವರ ಮುಂದೆ ಇಂದಿಗೂ ಪಾಠ ನಡೆಯುತ್ತದೆ.

ಇಂಥ ಮಹಾಪಂಡಿತರು ನ್ಯಾಯಸುಧೆಯ ಆರಂಭದಲ್ಲಿ ತಮ್ಮನ್ನು ಕುರಿತು ಒಂದು ಮಾತು ಹೇಳಿಕೊಂಡಿದ್ದಾರೆ. ಅದರ ತಾತ್ಪರ್ಯ ಹೀಗಿದೆ: ತಮ್ಮ ಬುದ್ಧಿಯು ಶಬ್ದಶಾಸ್ತ್ರವೆಂಬ ಸಮುದ್ರದಲ್ಲಿ ಆಳವಾಗಿ ಮುಳುಗಿದ್ದಲ್ಲ, ವೇದಾರ್ಥದ ಚರ್ಚೆಯಲ್ಲಿ ನಿಪುಣವಾದದ್ದಲ್ಲ, ನ್ಯಾಯಶಾಸ್ತ್ರದಲ್ಲಿ ಪ್ರೌಢವಾದದ್ದೂ ಅಲ್ಲ. ಪಾಠಶಾಲೆಯಲ್ಲಿ ಈ ಶ್ಲೋಕವನ್ನು ಕೇಳಿದಾಗ ಎಲ್ಲ ವಿದ್ಯಾರ್ಥಿಗಳಂತೆ ನಾನೂ ಆನಂದಪಟ್ಟೆ. ಮುಂದೆ ಬಿ.ಎ. ತರಗತಿಗೆ ಸೇರಿ ತರ್ಕಶಾಸ್ತ್ರದ ನಾಲ್ಕು ಪುಸ್ತಕಗಳನ್ನು ಓದಿದ ಮೇಲೆ ಒಂದು ಶಂಕೆ ಹುಟ್ಟಿತು. ಶಬ್ದಶಾಸ್ತ್ರದಲ್ಲಿ ಆಳವಿಲ್ಲವೆಂದು ಹೇಳಿಕೊಂಡವರು ಮುಂದಿನ ಪುಟಗಳಲ್ಲಿಯೇ ವ್ಯಾಕರಣದ ಸೂಕ್ಷ್ಮಗಳನ್ನು ಅಂಗೈಯ ನೆಲ್ಲಿಕಾಯಿಯಂತೆ ತೋರಿಸುತ್ತಾರೆ. ನ್ಯಾಯದಲ್ಲಿ ಪ್ರೌಢಿಮೆಯಿಲ್ಲವೆಂದವರು ನೈಯಾಯಿಕರ ಪಕ್ಷವನ್ನು ನೈಯಾಯಿಕರಿಗಿಂತ ಚೆನ್ನಾಗಿ ನಿರೂಪಿಸಿ ಆಮೇಲೆ ನಿರಾಕರಿಸುತ್ತಾರೆ. ಹಾಗಾದರೆ ಆರಂಭದ ಮಾತು ವಸ್ತುಸ್ಥಿತಿಗೆ ವಿರುದ್ಧವಲ್ಲವೇ? ವಸ್ತುವು ಹೇಗಿದೆಯೋ ಹಾಗೆಯೇ ವಿಷಯೀಕರಿಸುವುದು ಪ್ರಮಾಣ ಎಂದು ಪ್ರಮಾಣಪದ್ಧತಿಯಲ್ಲಿ ಎಳೆಯರಿಗೆ ಪಾಠ ಹೇಳಿದವರೂ ಇವರೇ. ಯಥಾರ್ಥತೆಯನ್ನೇ ಜ್ಞಾನದ ಲಕ್ಷಣವೆಂದು ಸಾಧಿಸಿದವರು ತಮ್ಮ ವಿಷಯದಲ್ಲಿ ಮಾತ್ರ ಅಯಥಾರ್ಥವನ್ನು ನುಡಿದರೇ?

ಇದಕ್ಕೆ ಸುಲಭವಾದ ಒಂದು ಉತ್ತರವಿದೆ. ಗ್ರಂಥಾರಂಭದಲ್ಲಿ ತನ್ನನ್ನು ಕಿರಿದಾಗಿಸಿ ಹೇಳಿಕೊಳ್ಳುವುದು ಕವಿಗಳ ಸಂಪ್ರದಾಯ. ಕಾಳಿದಾಸನೂ ರಘುವಂಶದ ಆರಂಭದಲ್ಲಿ ತನ್ನ ಬುದ್ಧಿಯ ಅಲ್ಪತೆಯನ್ನು ಹೇಳಿಕೊಂಡಿದ್ದಾನೆ. ಇದೂ ಅಂಥದೇ ಒಂದು ಉಪಚಾರ ಎಂಬುದೇ ಆ ಉತ್ತರ. ಆದರೆ ಇದು ಸಮಾಧಾನ ಕೊಡುವುದಿಲ್ಲ. ಉಪಚಾರವೆಂದರೆ ಹೇಳುವವನಿಗೂ ಕೇಳುವವನಿಗೂ ನಿಜವಲ್ಲವೆಂದು ಗೊತ್ತಿರುವ ಮಾತು. ಅದನ್ನು ವಿನಯವೆಂದು ಹೊಗಳಿದರೆ, ನಿಜವಲ್ಲದ ಮಾತನ್ನು ಇಂಪಾಗಿ ಆಡುವುದೇ ಸದ್ಗುಣವೆಂದು ಒಪ್ಪಿದಂತಾಗುತ್ತದೆ. ಹಾಗಾದರೆ ವಿನಯವನ್ನು ಅಭ್ಯಾಸ ಮಾಡಿದಷ್ಟೂ ಸತ್ಯದಿಂದ ದೂರ ಸರಿಯಬೇಕು. ಸತ್ಯವನ್ನು ಹಿಡಿದಷ್ಟೂ ಅಹಂಕಾರಿಯಾಗಬೇಕು. ಎರಡು ಸದ್ಗುಣಗಳು ಹೀಗೆ ಒಂದನ್ನೊಂದು ತಿನ್ನುವುದಾದರೆ ಸಾಧಕನು ಯಾವುದನ್ನು ನೆಚ್ಚಬೇಕು?

ಈ ಶಂಕೆಯನ್ನು ನಾನು ಬಹುಕಾಲ ಪಂಡಿತರ ಚರ್ಚೆಗೆ ಸೇರಿದ ಜಿಜ್ಞಾಸೆಯೆಂದೇ ತಿಳಿದಿದ್ದೆ. ನಾಲ್ಕು ವರ್ಷಗಳ ಹಿಂದೆ ಅದು ನನ್ನ ಮನೆಯ ಹೊಸ್ತಿಲಿಗೆ ಬಂದು ನಿಂತಿತು.

ನಮ್ಮ ಕಡೆಯ ಗೃಹಸ್ಥರೊಬ್ಬರ ತಾಯಿಯ ವಾರ್ಷಿಕ ಶ್ರಾದ್ಧ. ತಿಥಿ ಕಾರ್ತೀಕ ಬಹುಳ ಸಪ್ತಮಿ. ದಿನವನ್ನು ನಿಶ್ಚಯಿಸಲು ನೆರೆಯೂರಿನ ವೃದ್ಧ ವೈದಿಕರೊಬ್ಬರನ್ನು ಅವರು ಕೇಳಿಕೊಂಡರು. ನಾನೂ ಅಲ್ಲಿ ಕುಳಿತಿದ್ದೆ. ಆ ವರ್ಷ ಸಪ್ತಮಿಯು ಒಂದು ದಿನ ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ಆರಂಭವಾಗಿ ಮರುದಿನ ಅದೇ ಹೊತ್ತಿನೊಳಗೆ ಮುಗಿಯುತ್ತಿತ್ತು. ಶ್ರಾದ್ಧಕ್ಕೆ ಅಪರಾಹ್ಣದಲ್ಲಿ ವ್ಯಾಪಿಸಿರುವ ತಿಥಿಯೇ ಗ್ರಾಹ್ಯವಾದ್ದರಿಂದ ಮೊದಲ ದಿನವೇ ಸರಿಯಾದ ದಿನ. ವೃದ್ಧರು ಪಂಚಾಂಗವನ್ನು ಕಣ್ಣಿನ ಸಮೀಪಕ್ಕೆ ಹಿಡಿದು ಸೂರ್ಯೋದಯದ ತಿಥಿಯನ್ನು ಮಾತ್ರ ನೋಡಿ ಎರಡನೆಯ ದಿನವೆಂದು ಹೇಳಿಬಿಟ್ಟರು. ನನಗೆ ತಪ್ಪು ಗೊತ್ತಾಯಿತು. ಬಾಯಿಯವರೆಗೆ ಬಂದ ಮಾತನ್ನು ನುಂಗಿಕೊಂಡೆ. ಅವರು ಎಪ್ಪತ್ತು ದಾಟಿದವರು, ನನ್ನ ತಂದೆಯವರಿಗೂ ಹಿರಿಯರು. ನಾಲ್ಕು ಜನರ ಮುಂದೆ ಅವರನ್ನು ತಿದ್ದಲು ನಾನು ಯಾರು ಎಂದುಕೊಂಡೆ. ಟೀಕಾಚಾರ್ಯರಂಥವರೇ ತಮಗೆ ಏನೂ ತಿಳಿಯದೆಂದು ಹೇಳಿಕೊಂಡಿರುವಾಗ ನನ್ನದೆಷ್ಟರ ವಿದ್ಯೆ ಎಂಬ ಸಮಾಧಾನವನ್ನೂ ತಂದುಕೊಂಡೆ. ವಿನಯವನ್ನು ಪಾಲಿಸಿದೆನೆಂಬ ಸಂತೋಷದಿಂದಲೇ ಮನೆಗೆ ಬಂದೆ.

ಶ್ರಾದ್ಧವು ಎರಡನೆಯ ದಿನ ನಡೆಯಿತು. ಬೇರೆಯಾಗಿ ಹೈದರಾಬಾದಿನಲ್ಲಿ ಇರುವ ಅವರ ತಮ್ಮ ಅಲ್ಲಿ ಮೊದಲನೆಯ ದಿನವೇ ಮಾಡಿದ್ದ. ತಿಂಗಳು ಕಳೆದ ಮೇಲೆ ಅಣ್ಣತಮ್ಮಂದಿರು ಭೇಟಿಯಾದಾಗ ಮಾತಿನಲ್ಲಿ ಮಾತು ಬಂದು ವಿಷಯ ಹೊರಬಿತ್ತು. ಆ ಗೃಹಸ್ಥರು ಸಂಜೆಯ ಹೊತ್ತಿಗೆ ನಮ್ಮ ಗುಡಿಗೆ ಬಂದು, ಮಂಗಳಾರತಿ ಮುಗಿಯುವವರೆಗೂ ಮೌನವಾಗಿ ಕುಳಿತಿದ್ದು, ಬಳಿಕ ನನ್ನನ್ನು ಕೇಳಿದರು:

“ಆಚಾರ್ಯರೇ, ಅವತ್ತ ನೀವು ಅಲ್ಲೇ ಕೂತಿದ್ದಿರಿ. ನಿಮಗ ಗೊತ್ತಿರಲಿಲ್ಲೇನು?”

ಸುಳ್ಳು ಹೇಳಲು ನಾಲಗೆ ಏಳಲಿಲ್ಲ. “ಗೊತ್ತಿತ್ತು. ಆದರ ಹಿರಿಯರು ಹೇಳೂ ಮುಂದ ನಾನೇನು ಹೇಳಲಿ? ನಾನು ಸಣ್ಣವ” ಎಂದೆ.

ಅವರು ಕೋಪಿಸಿಕೊಳ್ಳಲಿಲ್ಲ. ಕೋಪಿಸಿಕೊಂಡಿದ್ದರೆ ಚೆನ್ನಾಗಿತ್ತು. “ನೀವು ಹಿರಿಯರ ಮರ್ಯಾದಿ ಕಾಯ್ದಿರಿ, ಛಲೋ ಆತು. ಆ ದಿವಸ ಮಧ್ಯಾಹ್ನ ನಾನು ಹೊಲದಾಗ ಬುತ್ತಿ ಬಿಚ್ಚಿ ಉಣ್ಣಲಿಕ್ಕೆ ಹತ್ತಿದ್ದೆ. ಅದೇ ಹೊತ್ತಿಗೆ ನಮ್ಮವ್ವ ನನ್ನ ಬಾಗಿಲಿಗೆ ಬಂದು ಹಸಕೊಂಡು ಹೋದಳಲ್ರೀ” ಎಂದು ಹೇಳಿ ಎದ್ದುಹೋದರು.

ಅಂದು ರಾತ್ರಿ ಈ ಸಂಗತಿಯನ್ನು ತಂದೆಯವರಿಗೆ ತಿಳಿಸಿದೆ. ಲೋಪಕ್ಕೆ ಶಾಸ್ತ್ರದಲ್ಲಿ ಹೇಳಿರುವ ದಾರಿಯನ್ನು ಆ ಗೃಹಸ್ಥರಿಗೆ ತಾವೇ ತಿಳಿಸುವುದಾಗಿ ಅವರು ಒಪ್ಪಿದರು. ನನ್ನ ಮನಸ್ಸಿಗೆ ಸಮಾಧಾನವಾಗಲೆಂದು ನಾನು ಸುಧೆಯ ಆ ಶ್ಲೋಕವನ್ನು ಎತ್ತಿ, ನಾನು ಮಾಡಿದ್ದು ವಿನಯದಿಂದಲೇ ಅಲ್ಲವೇ ಎಂದೆ. ತಂದೆಯವರು ನನ್ನ ಮುಖವನ್ನು ನೋಡಿ, “ಆ ಶ್ಲೋಕ ಪೂರ್ತಿ ಹೇಳು” ಎಂದರು. ಪೂರ್ವಾರ್ಧವನ್ನು ಹೇಳಿದೆ. “ಉಳಿದದ್ದು?” ಎಂದರು. ಉತ್ತರಾರ್ಧವನ್ನೂ ಹೇಳಿದೆ. ಹೇಳುತ್ತಿರುವಾಗಲೇ, ಇಷ್ಟು ವರ್ಷ ನಾಲಗೆಯ ಮೇಲಿದ್ದ ಮಾತನ್ನು ನಾನು ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲವೆಂಬುದು ಹೊಳೆಯಿತು.

ಆ ಉತ್ತರಾರ್ಧದ ತಾತ್ಪರ್ಯವಿದು: ಶ್ರೀಮತ್ಪೂರ್ಣಪ್ರಜ್ಞ ಗುರುಗಳ ಕಾರುಣ್ಯದ ಹಾದಿಯನ್ನು ಆಶ್ರಯಿಸಿರುವ ನಾವು ಏನನ್ನೇ ನುಡಿದರೂ ಮಹಾತ್ಮರಿಗೆ ಮಾನ್ಯರೇ ಆಗಿದ್ದೇವೆ. ವಾಚಕರು ಇದನ್ನು ಗಮನಿಸಬೇಕು. ತಮ್ಮ ಬುದ್ಧಿಗೆ ಸ್ವತಃ ಸಾಮರ್ಥ್ಯವಿಲ್ಲವೆಂದ ಬಾಯಿಯೇ ತಮ್ಮ ಮಾತಿಗೆ ಮಾನ್ಯತೆಯಿದೆ ಎಂದೂ ಹೇಳಿತು. ತಮ್ಮ ಮಾತು ಬೆಲೆಯಿಲ್ಲದ್ದೆಂದು ಟೀಕಾಚಾರ್ಯರು ಹೇಳಲಿಲ್ಲ. ಆ ಬೆಲೆ ಎಲ್ಲಿಂದ ಬಂತು ಎಂಬುದನ್ನು ಹೇಳಿದರು. ನಾನು ಪೂರ್ವಾರ್ಧವನ್ನು ಮಾತ್ರ ಹಿಡಿದುಕೊಂಡು ಸುಮ್ಮನೆ ಕುಳಿತೆ. ಅವರು ಉತ್ತರಾರ್ಧದ ಬಲದಿಂದ ಸುಧೆಯನ್ನು ಬರೆದರು.

ಇಲ್ಲಿಂದ ವಿಚಾರಿಸಿದರೆ ಮೊದಲಿನ ಶಂಕೆಯೂ ಕರಗುತ್ತದೆ. ನಮ್ಮ ಸಿದ್ಧಾಂತದಲ್ಲಿ ತತ್ತ್ವವು ಎರಡು ಬಗೆ: ಸ್ವತಂತ್ರ, ಅಸ್ವತಂತ್ರ. ಶ್ರೀಹರಿಯೊಬ್ಬನೇ ಸ್ವತಂತ್ರ. ಜೀವನ ಇರವು, ಅರಿವು, ಕೃತಿ ಎಲ್ಲವೂ ಅವನ ಅಧೀನ. ತತ್ತ್ವಸಂಖ್ಯಾನದ ಈ ಮೊದಲ ಪಾಠವನ್ನು ನಾವು ಪರೀಕ್ಷೆಗಾಗಿ ಕಂಠಪಾಠ ಮಾಡಿ ಅಲ್ಲಿಗೇ ಬಿಡುತ್ತೇವೆ. ಟೀಕಾಚಾರ್ಯರು ಅದನ್ನು ತಮ್ಮ ಬುದ್ಧಿಗೇ ಅನ್ವಯಿಸಿದರು. ಅವರಲ್ಲಿ ವ್ಯಾಕರಣಜ್ಞಾನ ಇದ್ದದ್ದು ನಿಜ; ಅದು ಅವರಿಗೆ ಸ್ವತಂತ್ರವಾಗಿ ಇರಲಿಲ್ಲವೆಂಬುದೂ ಅಷ್ಟೇ ನಿಜ. ಈ ಎರಡನೆಯ ನಿಜವನ್ನು ಹೇಳಿದಾಗ ಮೊದಲನೆಯದು ಸುಳ್ಳಾಗುವುದಿಲ್ಲ. ಆದ್ದರಿಂದ ಅವರ ಮಾತು ಉಪಚಾರವಲ್ಲ, ತನ್ನ ಸ್ವರೂಪವನ್ನು ಇದ್ದಂತೆ ಅರಿತು ಆಡಿದ ಯಥಾರ್ಥವಚನ. ‘ನಾನು ಬಲ್ಲೆ, ಇದು ನನ್ನದೇ’ ಎನ್ನುವವನ ಮಾತಿನಲ್ಲಿಯೇ ಅಯಥಾರ್ಥತೆ ಇರುವುದು. ಅಹಂಕಾರವು ಕೇವಲ ಶೀಲದೋಷವೆಂದು ನಾವು ಭಾವಿಸುತ್ತೇವೆ. ಅದಕ್ಕೂ ಮೊದಲು ಅದು ಜ್ಞಾನದ ದೋಷ, ಇದ್ದದ್ದನ್ನು ಇದ್ದಂತೆ ಕಾಣದ ಭ್ರಮೆ.

ಭಗವದ್ಗೀತೆಯ ಹದಿಮೂರನೆಯ ಅಧ್ಯಾಯವನ್ನು ಈ ದೃಷ್ಟಿಯಿಂದ ನೋಡಬೇಕು. ಅಲ್ಲಿ ಶ್ರೀಕೃಷ್ಣನು ಜ್ಞಾನವೆಂದು ಎಣಿಸಿರುವ ಗುಣಗಳಲ್ಲಿ ಮೊದಲನೆಯದು ಅಮಾನಿತ್ವ. ತನ್ನನ್ನು ತಾನು ದೊಡ್ಡವನೆಂದು ಭಾವಿಸದಿರುವಿಕೆಯನ್ನು ಅವನು ಜ್ಞಾನದ ಪಟ್ಟಿಗೆ ಸೇರಿಸಿದ್ದಾನೆ. ಅದೇ ಶ್ಲೋಕದಲ್ಲಿ, ಕೆಲವೇ ಪದಗಳ ಅಂತರದಲ್ಲಿ, ಆರ್ಜವವೂ ಬರುತ್ತದೆ. ಆರ್ಜವವೆಂದರೆ ಮನಸ್ಸು, ಮಾತು, ಕೃತಿಗಳ ನೇರತನ. ಒಂದೇ ಪಂಕ್ತಿಯಲ್ಲಿ ಕುಳಿತವು ಒಂದನ್ನೊಂದು ವಿರೋಧಿಸಲಾರವು. ಗೊತ್ತಿದ್ದೂ ಗೊತ್ತಿಲ್ಲವೆಂಬಂತೆ ನಟಿಸುವ ವಿನಯದಲ್ಲಿ ಆರ್ಜವವಿಲ್ಲ. ಆರ್ಜವವಿಲ್ಲದ ಕಡೆ ಅಮಾನಿತ್ವವೂ ಇಲ್ಲ. ನಾನು ಅಂದು ತೋರಿಸಿದ್ದು ಈ ಎರಡರಲ್ಲಿ ಯಾವುದೂ ಅಲ್ಲ.

ಇಲ್ಲಿ ಇನ್ನೊಂದು ಆಕ್ಷೇಪ ಬರಬಹುದು. ಅರಿವು ನನ್ನದಲ್ಲವೆಂದ ಮೇಲೆ ಅದನ್ನು ಬಳಸದಿದ್ದ ದೋಷ ಮಾತ್ರ ನನ್ನದು ಹೇಗೆ? ಅಧೀನನಾದವನಿಗೆ ಹೊಣೆ ಎಲ್ಲಿಯದು? ಬ್ರಹ್ಮಸೂತ್ರದಲ್ಲಿ ಜೀವನ ಕರ್ತೃತ್ವವನ್ನು ವಿಚಾರಿಸುವಾಗ ಸೂತ್ರಕಾರರು ಬಡಗಿಯ ದೃಷ್ಟಾಂತವನ್ನು ಕೊಡುತ್ತಾರೆ. ಬಡಗಿಯು ಕೆಲಸ ಮಾಡಿಸುವವನ ಅಧೀನನಾಗಿದ್ದರೂ ಕೆಲಸದ ಕರ್ತೃವೇ ಆಗಿರುವಂತೆ, ಜೀವನೂ ಹರಿಯ ಅಧೀನನಾಗಿದ್ದುಕೊಂಡೇ ಕರ್ತೃವೆಂದು ಶ್ರೀಮದಾಚಾರ್ಯರ ಸಿದ್ಧಾಂತ. ನಮ್ಮೂರ ಬಡಗಿಗೆ ನೊಗ ಮಾಡಲು ಹೇಳಿದವನು ರೈತ, ಕಟ್ಟಿಗೆಯೂ ರೈತನದೇ. ಆದರೂ ನೊಗ ಸೊಟ್ಟಗಾದರೆ, ಕಟ್ಟಿಗೆ ನನ್ನದಲ್ಲವೆಂದು ಬಡಗಿಯು ನುಣುಚಿಕೊಳ್ಳಲಾಗದು. ಪರರ ವಸ್ತು ಕೈಯಲ್ಲಿರುವಾಗ ಹೊಣೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಮುಂಗಾರಿನ ಮುಂಚೆ ನೆರೆಯವರಿಂದ ಉದ್ದಿನ ಬೀಜವನ್ನು ಕಡ ತಂದವನು, ಇದು ನನ್ನದಲ್ಲವೆಂದು ಗಡಿಗೆಯಲ್ಲಿಟ್ಟು ಬಿತ್ತದೆ ಬಿಟ್ಟರೆ ಅವನನ್ನು ಯಾರೂ ವಿನಯಶಾಲಿಯೆಂದು ಹೊಗಳುವುದಿಲ್ಲ. ಬೀಜ ಹುಳಿತು ಹೋಗುತ್ತದೆ, ಕಡವೂ ಉಳಿಯುತ್ತದೆ. ಗುರುಗಳಿಂದ ಬಂದ ವಿದ್ಯೆ ಇಂಥ ಕಡದ ಬೀಜ.

ಟೀಕಾಚಾರ್ಯರು ಆ ಬೀಜವನ್ನು ಹೇಗೆ ಬಿತ್ತಿದರೆಂಬುದಕ್ಕೆ ಸುಧೆಯೇ ಸಾಕ್ಷಿ. ಭಾಮತೀ, ವಿವರಣಗಳಂಥ ಪ್ರಸಿದ್ಧ ಗ್ರಂಥಗಳ ಮತವನ್ನು ಎದುರಿಗಿಟ್ಟುಕೊಂಡು, ಹಿರಿಯರ ಮಾತು ಎಂಬ ಒಂದೇ ಕಾರಣಕ್ಕೆ ಅವರು ಎಲ್ಲಿಯೂ ತಲೆಬಾಗಲಿಲ್ಲ. ಹಾಗೆಂದು ಪ್ರತಿಪಕ್ಷವನ್ನು ಹೀನಗೊಳಿಸಿ ಸುಲಭವಾಗಿ ಗೆಲ್ಲಲೂ ಹೋಗಲಿಲ್ಲ. ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ನಿಲ್ಲಿಸಿ, ಆ ಬಲವನ್ನು ತಾವೇ ಮೊದಲು ಅನುಭವಿಸಿ, ಆಮೇಲೆ ಉತ್ತರಿಸಿದರು. ಇದೂ ವಿನಯದ ಒಂದು ಮುಖವೆಂದು ನನಗೆ ಈಗ ತೋರುತ್ತದೆ. ಎದುರಾಳಿಯ ಮಾತನ್ನು ಇದ್ದಂತೆ ಕೇಳುವುದು ವಿನಯ. ಕೇಳಿದ ಮೇಲೆ ತಪ್ಪನ್ನು ತಪ್ಪೆಂದು ಹೇಳುವುದೂ ವಿನಯ. ತಮಗಿಂತ ಮೊದಲು ಅನುವ್ಯಾಖ್ಯಾನಕ್ಕೆ ವ್ಯಾಖ್ಯಾನವನ್ನು ಬರೆದ ಪದ್ಮನಾಭತೀರ್ಥರನ್ನು ಅವರು ಸುಧೆಯ ಆರಂಭದಲ್ಲಿಯೇ ಭಕ್ತಿಯಿಂದ ಸ್ಮರಿಸಿದರು. ಆದರೆ ಅವರು ಬರೆದಾಗಿದೆ, ನಾನು ಬರೆಯುವುದೇನಿದೆ ಎಂದು ಲೇಖನಿಯನ್ನು ಕೆಳಗಿಡಲಿಲ್ಲ. ಹಾಗೆ ಇಟ್ಟಿದ್ದರೆ ಚಂದ್ರಿಕೆಯೂ ಇಲ್ಲ, ಪರಿಮಳವೂ ಇಲ್ಲ. ನಮ್ಮ ಪರಂಪರೆಯೆಲ್ಲವೂ ಹಿರಿಯರಿಗೆ ನಮಸ್ಕರಿಸಿ ಮಾತನಾಡಿದವರಿಂದ ಬೆಳೆದದ್ದು.

ಹಾಗಾದರೆ ನಿಜವಾದ ವಿನಯಕ್ಕೂ ಅದರ ವೇಷ ತೊಟ್ಟ ಅಂಜಿಕೆಗೂ ಭೇದವನ್ನು ತಿಳಿಯುವುದು ಹೇಗೆ? ಹೊರಗಿನಿಂದ ಎರಡೂ ಒಂದೇ ರೀತಿ ಕಾಣುತ್ತವೆ. ಎರಡರಲ್ಲಿಯೂ ತಲೆ ಬಾಗಿರುತ್ತದೆ, ಧ್ವನಿ ತಗ್ಗಿರುತ್ತದೆ. ಇದಕ್ಕೆ ನಮ್ಮ ಸಿದ್ಧಾಂತದಲ್ಲಿ ಒಳಗೇ ಒಬ್ಬ ಪರೀಕ್ಷಕನಿದ್ದಾನೆ. ಅವನೇ ಸಾಕ್ಷಿ. ಸುಖದುಃಖಾದಿಗಳನ್ನು ನೇರವಾಗಿ ಅನುಭವಿಸುವ, ಜ್ಞಾನದ ಪ್ರಾಮಾಣ್ಯವನ್ನು ಕೊನೆಗೆ ನಿಶ್ಚಯಿಸುವ ಸ್ವರೂಪೇಂದ್ರಿಯವದು. ಮನಸ್ಸು ಮೋಸಹೋಗಬಹುದು, ಸಾಕ್ಷಿಯನ್ನು ಮೋಸಗೊಳಿಸಲಾಗದು. ಅಂದು ನಾನು ಮಾತನ್ನು ನುಂಗಿಕೊಂಡಾಗ ಮನಸ್ಸು ‘ಇದು ವಿನಯ’ ಎಂದಿತು. ಆದರೆ ಎದೆ ಬಡಿದುಕೊಂಡದ್ದು, ಅಂಗೈ ಬೆವರಿದ್ದು ನನಗೆ ಗೊತ್ತೇ ಇತ್ತು. ನಾನು ಅಂಜಿದ್ದೆ. ತಿದ್ದಿದರೆ ಹಿರಿಯರು ಮುನಿಯುವರು, ಮುಂದೆ ನನ್ನನ್ನು ಕರೆಯಲಾರರು, ಒಂದು ವೇಳೆ ನನ್ನ ಲೆಕ್ಕವೇ ತಪ್ಪಾಗಿದ್ದರೆ ನಗೆಪಾಟಲಾದೇನು ಎಂಬ ಮೂರು ಭಯಗಳು ಒಳಗಿದ್ದವು. ಅವುಗಳಲ್ಲಿ ಒಂದರಲ್ಲಿಯೂ ಆ ಗೃಹಸ್ಥರ ಹಿತವಿರಲಿಲ್ಲ, ಅವರ ತಾಯಿಯ ನೆನಪಿರಲಿಲ್ಲ. ಮೂರರಲ್ಲಿಯೂ ಇದ್ದದ್ದು ‘ನಾನು’. ಅಹಂಕಾರವು ಎದೆಯುಬ್ಬಿಸಿ ನಡೆಯುವಾಗ ಗುರುತಿಸುವುದು ಸುಲಭ. ಅದು ಕೈಕಟ್ಟಿ ಮೂಲೆಯಲ್ಲಿ ಕುಳಿತಾಗ ಗುರುತಿಸುವುದು ಕಷ್ಟ.

ಆದ್ದರಿಂದ ‘ನನಗೇನು ತಿಳಿಯುತ್ತದೆ’ ಎಂಬ ಮಾತು ಬಾಯಿಗೆ ಬಂದಾಗಲೆಲ್ಲ, ಈ ಮಾತಿನಿಂದ ಕಾಪಾಡಲ್ಪಡುವವರು ಯಾರು ಎಂದು ನಮ್ಮನ್ನೇ ಕೇಳಿಕೊಳ್ಳಬೇಕು. ಎದುರಿನವನ ಹಿತವಾದರೆ ಅದು ವಿನಯವಿರಬಹುದು. ನನ್ನ ಹೆಸರು, ನನ್ನ ನೆಮ್ಮದಿ, ನನ್ನ ಸಂಬಂಧಗಳು ಮಾತ್ರವಾದರೆ ಅದಕ್ಕೆ ಬೇರೆ ಹೆಸರಿದೆ. ಇದು ಪಂಡಿತರಿಗಷ್ಟೇ ಅನ್ವಯಿಸುವ ಮಾತಲ್ಲ. ಲೆಕ್ಕದಲ್ಲಿ ತಪ್ಪು ಕಂಡೂ ಸುಮ್ಮನಿರುವ ಗುಮಾಸ್ತನಿಗೂ, ಸೊಸೆಯ ಮೇಲೆ ಬಂದ ಅಪವಾದ ಸುಳ್ಳೆಂದು ತಿಳಿದೂ ‘ದೊಡ್ಡವರ ಮಾತಿನಲ್ಲಿ ನಾನೇಕೆ’ ಎನ್ನುವ ನೆಂಟರಿಗೂ ಇದು ಸಲ್ಲುತ್ತದೆ. ಹೇಳ್ವ ರೀತಿಯಲ್ಲಿ ವಿನಯವಿರಲಿ. ನಾಲ್ಕು ಜನರ ಮುಂದೆ ಹೇಳಲಾಗದ್ದನ್ನು ಏಕಾಂತದಲ್ಲಿ ನಮಸ್ಕರಿಸಿ ಹೇಳಬಹುದಿತ್ತು. ಆ ದಾರಿಯೂ ನನಗೆ ತೆರೆದೇ ಇತ್ತು.

ಕೊನೆಗೆ ತಂದೆಯವರ ಆಜ್ಞೆಯಂತೆ ನಾನು ಆ ವೃದ್ಧ ವೈದಿಕರ ಮನೆಗೆ ಹೋದೆ. ನಮಸ್ಕರಿಸಿ, ನಡೆದದ್ದನ್ನೂ ನಾನು ಮೌನವಾಗಿದ್ದದ್ದನ್ನೂ ಒಂದನ್ನೂ ಬಿಡದೆ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಪಕ್ಕದಲ್ಲಿದ್ದ ಪಂಚಾಂಗವನ್ನು ನನ್ನ ಕೈಗೆ ಕೊಟ್ಟು, “ಕಣ್ಣು ಮಂಜಾಗಿ ವರ್ಷದ ಮ್ಯಾಲಾತು ತಮ್ಮಾ. ಸಣ್ಣ ಅಕ್ಷರ ಕಾಣೂದಿಲ್ಲ. ನಾನು ಯಾರಿಗೂ ಹೇಳಲಿಲ್ಲ, ನನಗೂ ಯಾರೂ ಹೇಳಲಿಲ್ಲ” ಎಂದರು. ಅಂದಿನಿಂದ ಅವರು ಬದುಕಿದ್ದ ಎರಡು ವರ್ಷ, ತಿಥಿಯನ್ನು ನಿರ್ಣಯಿಸಬೇಕಾದಾಗಲೆಲ್ಲ ನನ್ನನ್ನು ಕರೆಸಿ ಪಂಚಾಂಗವನ್ನು ಗಟ್ಟಿಯಾಗಿ ಓದಿಸುತ್ತಿದ್ದರು. ನಾನು ಓದುತ್ತಿದ್ದೆ, ಅವರು ನಿರ್ಣಯಿಸುತ್ತಿದ್ದರು. ನನ್ನ ಮೌನದಿಂದ ಅವರ ಮರ್ಯಾದೆಯನ್ನು ಕಾಪಾಡಿದೆನೆಂದು ತಿಳಿದಿದ್ದೆ. ವಾಸ್ತವದಲ್ಲಿ ಆ ಮೌನವು ಅವರನ್ನು ಮಂಜಿನಲ್ಲಿ ಒಂಟಿಯಾಗಿ ಬಿಟ್ಟಿತ್ತು.

ಕಾರಹುಣ್ಣಿಮೆಯಂದು ನಮ್ಮ ಕಡೆ ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಹಚ್ಚಿ ಪೂಜಿಸುತ್ತಾರೆ. ಅದು ಕಳೆದು ಒಂದು ತಿಂಗಳ ಮೇಲೆ ಐದು ದಿನಗಳಿಗೆ ಟೀಕಾಚಾರ್ಯರ ಆರಾಧನೆ. ಹಿಂದಿನ ಜನ್ಮದಲ್ಲಿ ಅವರು ಗ್ರಂಥಗಳನ್ನು ಹೊತ್ತ ಎತ್ತಾಗಿದ್ದರೆಂಬ ಕಥೆಯು ಈ ದಿನಗಳಲ್ಲಿ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಹೊರೆ ತನ್ನದೆಂದು ಎತ್ತು ಎಂದೂ ಭಾವಿಸುವುದಿಲ್ಲ. ತನ್ನದಲ್ಲವೆಂದು ನಡುದಾರಿಯಲ್ಲಿ ಕೆಡಹುವುದೂ ಇಲ್ಲ. ತಲುಪಬೇಕಾದ ಮನೆಯ ಬಾಗಿಲಿನವರೆಗೂ ಹೊತ್ತು ನಡೆಯುತ್ತದೆ. ಗುರುಗಳು ನಮ್ಮ ಬೆನ್ನ ಮೇಲೆ ಇಟ್ಟ ಅರಿವಿನ ಹೊರೆಯನ್ನು, ಅದು ಎಷ್ಟೇ ಚಿಕ್ಕದಿರಲಿ, ಬೇಕಾದವರ ಬಾಗಿಲಿಗೆ ಮುಟ್ಟಿಸುವ ನೇರತನವನ್ನು ಶ್ರೀಮಟ್ಟೀಕಾಕೃತ್ಪಾದರು ನಮಗೆಲ್ಲರಿಗೂ ಅನುಗ್ರಹಿಸಲಿ ಎಂದು ಅವರ ಅಂತರ್ಯಾಮಿಯಾದ ಶ್ರೀಹರಿಯಲ್ಲಿ ಪ್ರಾರ್ಥಿಸಿ ಈ ಅಲ್ಪಸೇವೆಯನ್ನು ಸಮರ್ಪಿಸುತ್ತೇನೆ.

॥ ಶ್ರೀಕೃಷ್ಣಾರ್ಪಣಮಸ್ತು ॥